ಓದುಗರ ಪ್ರಶ್ನೆ: ಪುಟದಲ್ಲಿ ಬರೆದದ್ದು ಸರ್ವರ್ ಸೇರುವಷ್ಟರಲ್ಲಿ

ಪ್ರಶ್ನೆ: ತಾಲ್ಲೂಕಿನ ಸುದ್ದಿಗೆಂದು ಒಂದು ಚಿಕ್ಕ ಜಾಲತಾಣ ಕಟ್ಟುತ್ತಿದ್ದೇನೆ. ವರದಿಗಾರರು ಪುಟದಲ್ಲೇ ನೇರವಾಗಿ ಬರೆಯಲಿ ಎಂದು ಒಂದು ಡಿವ್‌ಗೆ (ಪುಟದ ಒಂದು ಚೌಕಕ್ಕೆ) ಅಲ್ಲೇ ಬರೆಯಲು ಬಿಡುವ ಕಂಟೆಂಟ್‌ಎಡಿಟಬಲ್ ಗುಣ ಹಾಕಿದೆ. ಬರೆಯಲು ಬರುತ್ತದೆ, ಅಕ್ಷರ ದಪ್ಪ ಮಾಡಲೂ ಬರುತ್ತದೆ. ‘ಕಳುಹಿಸಿ’ ಒತ್ತಿದರೆ ಮಾತ್ರ ಸರ್ವರಿಗೆ ಶೀರ್ಷಿಕೆ ಹೋಗುತ್ತದೆ, ವರದಿ ಹೋಗುವುದಿಲ್ಲ. ಎರರ್ ಕೂಡ ತೋರಿಸುವುದಿಲ್ಲ.
– ಪಿಯು ಉಪನ್ಯಾಸಕ, ಸಿದ್ದಾಪುರ

ಉತ್ತರ: ಬ್ರೌಸರಿನ ಲೆಕ್ಕದಲ್ಲಿ ಏನೂ ತಪ್ಪಾಗಿಲ್ಲವಲ್ಲ, ಎರರ್ ಎಲ್ಲಿಂದ ಬರಬೇಕು? ಫಾರ್ಮ್ ಕಳುಹಿಸುವಾಗ ಅದು ನೇಮ್ ಇರುವ ಇನ್‌ಪುಟ್, ಟೆಕ್ಸ್ಟ್‌ಏರಿಯಾ, ಸೆಲೆಕ್ಟ್‌ಗಳನ್ನು ಹುಡುಕಿ ಗಂಟು ಕಟ್ಟುತ್ತದೆ. ಡಿವ್ ಅದರ ಪಟ್ಟಿಯಲ್ಲೇ ಇಲ್ಲ. ನೀವು ಡಿವ್‌ಗೆ ನೇಮ್ ಬರೆದರೂ ಅದು ತಿರುಗಿ ನೋಡುವುದಿಲ್ಲ.

ದಾರಿ ಎರಡಿವೆ. ಫಾರ್ಮ್ ಒಳಗೆ ಒಂದು ಹಿಡನ್ ಇನ್‌ಪುಟ್ ಇಟ್ಟು, ಸಬ್‌ಮಿಟ್ ಘಟನೆ ನಡೆದಾಗ ಡಿವ್‌ನ ಇನ್ನರ್‌ಎಚ್‌ಟಿಎಂಎಲ್ ಅನ್ನು (ಟ್ಯಾಗ್‌ಗಳ ಸಮೇತ ಒಳಗಿರುವುದೆಲ್ಲ) ಅದಕ್ಕೆ ತುಂಬುವುದು ಒಂದು. ಫಾರ್ಮ್‌ನ ಗೊಡವೆಯೇ ಬೇಡವೆಂದು ಜಾವಾಸ್ಕ್ರಿಪ್ಟ್‌ನ ಫೆಚ್ ಮೂಲಕ ನೀವೇ ಕಳುಹಿಸುವುದು ಇನ್ನೊಂದು. ಮೊದಲ ದಾರಿ ಹಿಡಿಯುವವರಿಗೆ ಒಂದು ಎಚ್ಚರಿಕೆ: ಜಾವಾಸ್ಕ್ರಿಪ್ಟ್‌ನಿಂದ ಫಾರ್ಮ್‌ನ ಸಬ್‌ಮಿಟ್ ಕರೆದರೆ ಸಬ್‌ಮಿಟ್ ಘಟನೆ ನಡೆಯುವುದೇ ಇಲ್ಲ, ನಿಮ್ಮ ಹಿಡನ್ ಇನ್‌ಪುಟ್ ಖಾಲಿಯಾಗಿಯೇ ಹೊರಡುತ್ತದೆ. ಆ ಜಾಗದಲ್ಲಿ ರಿಕ್ವೆಸ್ಟ್‌ಸಬ್‌ಮಿಟ್ ಕರೆಯಿರಿ. ಎರಡನೆಯ ದಾರಿಯಲ್ಲಿ ಜೇಸನ್ ಆಗಿ ಕಳುಹಿಸಿದರೆ ಪಿಎಚ್‌ಪಿಯ ಪೋಸ್ಟ್ ಅರೇಯಲ್ಲಿ ಏನೂ ಇರುವುದಿಲ್ಲ. ಇನ್‌ಪುಟ್ ಸ್ಟ್ರೀಮ್ ಓದಿ ನೀವೇ ಡಿಕೋಡ್ ಮಾಡಿಕೊಳ್ಳಬೇಕು. ‘ಡೇಟಾ ಹೋಗ್ತಾನೇ ಇಲ್ಲ’ ಎಂದು ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಈ ಎರಡರಲ್ಲಿ ಒಂದು.

ಕಳುಹಿಸುವುದು ಇನ್ನರ್‌ಎಚ್‌ಟಿಎಂಎಲ್ ಯಾಕೆ, ಬರೀ ಪಠ್ಯ ಸಾಲದೇ ಎಂದು ಕೇಳಬಹುದು. ಟೆಕ್ಸ್ಟ್‌ಕಂಟೆಂಟ್ ತೆಗೆದುಕೊಂಡರೆ ಒಂದು ಪ್ಯಾರಾದ ಕೊನೆಯ ಪದ ಮುಂದಿನ ಪ್ಯಾರಾದ ಮೊದಲ ಪದಕ್ಕೆ ಅಂಟಿಕೊಂಡು ಬರುತ್ತದೆ. ಇನ್ನರ್‌ಟೆಕ್ಸ್ಟ್ ಸಾಲು ಮುರಿಯುವುದನ್ನು ಉಳಿಸುತ್ತದೆ, ದಪ್ಪಕ್ಷರ, ಕೊಂಡಿಗಳನ್ನು ಬಿಟ್ಟುಬಿಡುತ್ತದೆ. ನಿಮಗೆ ದಪ್ಪಕ್ಷರ ಬೇಕು ಅಂದಿದ್ದೀರಿ, ಹಾಗಾಗಿ ಎಚ್‌ಟಿಎಂಎಲ್ಲೇ ಬೇಕು.

ಆದರೆ ಆ ಎಚ್‌ಟಿಎಂಎಲ್ ವರದಿಗಾರ ಬರೆದದ್ದಲ್ಲ, ಬ್ರೌಸರ್ ಬರೆದದ್ದು. ಮೈಕ್ರೋಸಾಫ್ಟ್ 2000ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರಲ್ಲಿ ಈ ಕಂಟೆಂಟ್‌ಎಡಿಟಬಲ್ ತಂದಿತು. ಉಳಿದ ಬ್ರೌಸರ್‌ನವರು ನೋಡಿ ನೋಡಿ ತಮ್ಮ ತಮ್ಮ ರೀತಿಯಲ್ಲಿ ಮಾಡಿಕೊಂಡರು, ಎಚ್‌ಟಿಎಂಎಲ್5ರ ಹೊತ್ತಿಗೆ ಅದು ನಿಯಮದೊಳಗೆ ಬಂತು. ಹೀಗಾಗಿ ಎಂಟರ್ ಕೀಲಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಎಕ್ಸ್‌ಪ್ಲೋರರ್ ಪಿ ಟ್ಯಾಗ್ ಹಾಕುತ್ತಿತ್ತು, ಫೈರ್‌ಫಾಕ್ಸ್ ಬಹುಕಾಲ ಬಿಆರ್ ಹಾಕಿ 60ನೇ ಆವೃತ್ತಿಯಿಂದ ಡಿವ್‌ಗೆ ಬಂತು, ಕ್ರೋಮ್‌ನಲ್ಲಿ ಮೊದಲ ಸಾಲು ಬರೀ ಪಠ್ಯವಾಗಿದ್ದು ಎರಡನೆಯದರಿಂದ ಡಿವ್ ಶುರುವಾಗುತ್ತದೆ. ಬರೆದದ್ದನ್ನೆಲ್ಲ ಅಳಿಸಿದ ಮೇಲೂ ಒಂದು ಬಿಆರ್ ಒಳಗೇ ಕೂತಿರಬಹುದು, ಆಗ ನಿಮ್ಮ ‘ವರದಿ ಖಾಲಿ ಬಿಡಬಾರದು’ ತಪಾಸಣೆ ಸೋಲುತ್ತದೆ. ಸರ್ವರಿನಲ್ಲಿ ಕೂತ ನಿಮ್ಮ ಕೋಡ್ ಈ ಎಲ್ಲ ಬಗೆಯನ್ನೂ ಓದಿ ಒಂದೇ ಬಗೆಗೆ ತರಬೇಕು. ಪಾರ್ಸ್ ಮಾಡುವುದು ಎಂದರೆ ಇಲ್ಲಿ ಇದೇ ಕೆಲಸ. ಬಂದ ಸ್ಟ್ರಿಂಗನ್ನು ಹಾಗೆಯೇ ಡೇಟಾಬೇಸಿಗೆ ತಳ್ಳಿದರೆ ಎರಡು ವರ್ಷದ ಮೇಲೆ ಪುಟದ ವಿನ್ಯಾಸ ಬದಲಿಸುವಾಗ ಅಳುತ್ತೀರಿ.

ಪ್ರಶ್ನೆ: ನಮ್ಮಲ್ಲಿ ಕೆಲವು ಲೇಖನ ಪೂರ್ತಿ ಸೇವ್ ಆಗುತ್ತವೆ, ಕೆಲವು ನಡುವೆಯೇ ಕತ್ತರಿಸಿಹೋಗುತ್ತವೆ. ಕತ್ತರಿಸಿದ ಜಾಗದಲ್ಲಿ ವಿಶೇಷ ಚಿಹ್ನೆ ಏನೂ ಇಲ್ಲ, ಸಾಮಾನ್ಯ ವಾಕ್ಯ.
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಆ ಜಾಗದಲ್ಲಿ ಎರಡು ಸ್ಪೇಸ್ ಇತ್ತೇ ನೋಡಿ. ನೀವು ಕಳುಹಿಸಿದ ಕೋಡ್ ತುಣುಕಿನಲ್ಲಿ ‘ಕಂಟೆಂಟ್ ಈಕ್ವಲ್ಸ್’ ಎಂದು ಬರೆದು ಅದರ ಬಾಲಕ್ಕೆ ಇನ್ನರ್‌ಎಚ್‌ಟಿಎಂಎಲ್ ಅನ್ನು ನೇರ ಅಂಟಿಸಿದ್ದೀರಿ. ಎಡಿಟ್ ಮಾಡುವ ಡಿವ್‌ನಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ಬ್ರೌಸರ್ ಅಲ್ಲೊಂದು ಮುರಿಯದ ಸ್ಪೇಸ್ ಇಡುತ್ತದೆ. ಇನ್ನರ್‌ಎಚ್‌ಟಿಎಂಎಲ್ ಓದಿದಾಗ ಅದು ಆಂಪರ್ಸಂಡ್‌ನಿಂದ ಶುರುವಾಗುವ ‘ಎನ್‌ಬಿಎಸ್‌ಪಿ’ ಆಗಿ ಬರುತ್ತದೆ. ಫಾರ್ಮ್ ಡೇಟಾದಲ್ಲಿ ಆಂಪರ್ಸಂಡ್ ಎಂದರೆ ಹಿಂದಿನ ಫೀಲ್ಡ್ ಮುಗಿಯಿತು, ಹೊಸದು ಶುರು ಎಂದರ್ಥ. ಸರ್ವರ್ ಅಲ್ಲಿಗೆ ನಿಮ್ಮ ಲೇಖನ ಮುಗಿಸಿ, ಉಳಿದದ್ದಕ್ಕೆ ‘ಎನ್‌ಬಿಎಸ್‌ಪಿ’ಯಿಂದ ಶುರುವಾಗುವ ಯಾವುದೋ ವಿಚಿತ್ರ ಹೆಸರಿಡುತ್ತದೆ. ಬಂದ ಫೀಲ್ಡ್‌ಗಳನ್ನೆಲ್ಲ ಒಮ್ಮೆ ಡಂಪ್ ಮಾಡಿ ನೋಡಿ, ಕಳೆದುಹೋದ ಅರ್ಧ ಅಲ್ಲೇ ಬಿದ್ದಿರುತ್ತದೆ.

ಕೈಯಿಂದ ಸ್ಟ್ರಿಂಗ್ ಜೋಡಿಸುವುದು ಬಿಟ್ಟು ಫಾರ್ಮ್‌ಡೇಟಾ ಅಥವಾ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಬಳಸಿ, ಎನ್‌ಕೋಡಿಂಗ್ ಅವೇ ನೋಡಿಕೊಳ್ಳುತ್ತವೆ. ಎರಡರಲ್ಲಿ ಕನ್ನಡಕ್ಕೆ ಫಾರ್ಮ್‌ಡೇಟಾ ಮೇಲು. ‘ಕ’ ಯುಟಿಎಫ್-8ರಲ್ಲಿ ಮೂರು ಬೈಟ್. ಯುಆರ್‌ಎಲ್ ರೀತಿ ಎನ್‌ಕೋಡ್ ಮಾಡಿದರೆ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗಿ, ಒಂದು ‘ಕ’ಕ್ಕೆ ಒಂಬತ್ತು. ಫಾರ್ಮ್‌ಡೇಟಾ ಬಳಸುವ ಮಲ್ಟಿಪಾರ್ಟ್ ರೂಪದಲ್ಲೂ ಜೇಸನ್‌ನಲ್ಲೂ ಅದು ಮೂರಾಗಿಯೇ ಹೋಗುತ್ತದೆ.

ಅಂದಹಾಗೆ ಯಾರ ಜಾಲತಾಣ ಪರೀಕ್ಷಿಸಿದರೂ ನಾನು ಮೊದಲು ಟೈಪ್ ಮಾಡುವ ಸಾಲು ಇದು: ‘ಅಣ್ಣ & ತಮ್ಮ: ಸಾಫ್ಟ್‌ವೇರ್ ರ‍್ಯಾಂಕ್ 5+3 < 10’, ಕೊನೆಗೊಂದು ನಗುಮುಖದ ಇಮೋಜಿ. ಆಂಪರ್ಸಂಡ್, ಪ್ಲಸ್ (ಎನ್‌ಕೋಡ್ ಆಗದಿದ್ದರೆ ಸ್ಪೇಸ್ ಆಗಿಬಿಡುತ್ತದೆ), ಚಿಕ್ಕದು ಎಂಬ ಚಿಹ್ನೆ, ಕನ್ನಡದ ಎರಡು ಕಷ್ಟದ ಜೋಡಣೆ, ನಾಲ್ಕು ಬೈಟಿನ ಇಮೋಜಿ ಎಲ್ಲ ಅದರಲ್ಲಿವೆ. ಸೇವ್ ಮಾಡಿ, ಮತ್ತೆ ತೆರೆದು, ಮತ್ತೆ ಸೇವ್ ಮಾಡಿದಾಗಲೂ ಸಾಲು ಹಾಗೇ ಇದ್ದರೆ ಮಾತ್ರ ಮುಂದಿನ ಮಾತು.

ಪ್ರಶ್ನೆ: ನಮ್ಮದು ಜಿಲ್ಲಾ ವಾರಪತ್ರಿಕೆ. ಲೇಖಕರು ವರ್ಡ್‌ನಿಂದ ಪೇಸ್ಟ್ ಮಾಡುತ್ತಾರೆ. ಪೇಸ್ಟ್ ಮಾಡಿದಾಗ ಪರದೆ ಮೇಲೆ ಚೆನ್ನಾಗಿಯೇ ಕನ್ನಡ ಕಾಣುತ್ತದೆ. ಸೇವ್ ಆದ ಮೇಲೆ ನೋಡಿದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಏನೇನೋ ಕಸ. ಕೆಲವರ ಲೇಖನಕ್ಕೆ ಮಾತ್ರ ಹೀಗೆ. ಎನ್‌ಕೋಡಿಂಗ್ ಎಲ್ಲ ಕಡೆ ಯುಟಿಎಫ್-8 ಇದೆ, ನಾಲ್ಕು ಸಲ ನೋಡಿದ್ದೇವೆ.
– ವೆಬ್ ವಿಭಾಗ ನೋಡಿಕೊಳ್ಳುವವರು, ಹಾವೇರಿ

ಉತ್ತರ: ಎನ್‌ಕೋಡಿಂಗ್ ಸರಿಯಾಗಿಯೇ ಇದೆ. ಕೆಟ್ಟಿರುವುದು ನಿಮ್ಮ ಶುಚಿ ಮಾಡುವ ಹಂತ, ಅದೂ ತನ್ನ ಕೆಲಸವನ್ನು ನಿಯತ್ತಾಗಿ ಮಾಡಿದ್ದರಿಂದ.

ಆ ‘ಕೆಲವರು’ ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆಯುವವರು. ಯೂನಿಕೋಡ್ ಬಂದು ಇಷ್ಟು ಕಾಲವಾದರೂ ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕಾ ಕಚೇರಿಗಳಲ್ಲಿ, ಇಲಾಖೆಗಳ ಕಡತಗಳಲ್ಲಿ ಅವು ನಡೆಯುತ್ತಲೇ ಇವೆ. ಧಾರವಾಡದಲ್ಲಿ ನನ್ನ ಕೆಲಸದ ಅರ್ಧಭಾಗ ಇಂಥ ಕಡತಗಳದ್ದೇ. ಕನ್ನಡ ಗಣಕ ಪರಿಷತ್ತು ನುಡಿ ರೂಪಿಸಿದ ಕಾಲದಲ್ಲಿ ಕನ್ನಡ ತೆರೆಯ ಮೇಲೆ ಮೂಡಲು ಅದಕ್ಕಿಂತ ಸುಲಭದ ಉಪಾಯ ಇರಲಿಲ್ಲ, ಹಾಗಾಗಿ ಅವರನ್ನು ಬೈಯುವ ಅಗತ್ಯವಿಲ್ಲ. ಆ ಫಾಂಟ್‌ನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ನಿಜಕ್ಕೂ ಇರುವುದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಇದನ್ನು ಕನ್ನಡ ಮಾಡುವುದು ‘ಇದಕ್ಕೆ ನುಡಿ ಫಾಂಟ್ ಹಾಕು’ ಎಂಬ ಒಂದೇ ಒಂದು ಸೂಚನೆ.

ವರ್ಡ್‌ನಿಂದ ಪೇಸ್ಟ್ ಮಾಡಿದಾಗ ಆ ಸೂಚನೆ ಸ್ಪ್ಯಾನ್‌ನ ಸ್ಟೈಲ್‌ನಲ್ಲಿ ಫಾಂಟ್‌ಫ್ಯಾಮಿಲಿಯಾಗಿ ಬರುತ್ತದೆ. ಲೇಖಕರ ಯಂತ್ರದಲ್ಲಿ ಫಾಂಟ್ ಇರುವುದರಿಂದ ಪರದೆ ಮೇಲೆ ಕನ್ನಡ ಕಾಣುತ್ತದೆ. ಸರ್ವರಿಗೆ ಬಂದಾಗ ನಿಮ್ಮ ಶುಚಿಕಾರ ‘ವರ್ಡ್‌ನ ಸ್ಟೈಲ್ ಎಲ್ಲ ಕಸ’ ಎಂದು ಒಂದೇ ಏಟಿಗೆ ಗುಡಿಸುತ್ತದೆ. ‘ಎಂಎಸ್‌ಒ’ ಎಂದು ಶುರುವಾಗುವ ಗುಣಗಳು, ‘ಎಂಎಸ್‌ಒನಾರ್ಮಲ್’ ಕ್ಲಾಸುಗಳು, ಒ-ಪಿ ಟ್ಯಾಗ್‌ಗಳು ನಿಜಕ್ಕೂ ಕಸವೇ. ಅವುಗಳ ಜೊತೆ ಫಾಂಟ್ ಹೆಸರೂ ಹೋಯಿತು. ಅದು ಹೋದ ಮೇಲೆ ಉಳಿದದ್ದು ಪಿ, ಎ, ಪೌಂಡ್.

‘ಪೇಸ್ಟ್ ಮಾಡುವಾಗಲೇ ಪ್ಲೇನ್ ಟೆಕ್ಸ್ಟ್ ಮಾಡಿಬಿಡಿ, ರಗಳೆ ಇಲ್ಲ’ ಎಂಬುದು ಎಲ್ಲೆಡೆ ಸಿಗುವ ಸಲಹೆ. ಇಂಗ್ಲಿಷ್ ಪತ್ರಿಕೆಗೆ ಅದು ಒಳ್ಳೆಯದೇ. ನಿಮಗೆ ಅದೇ ಮುಳುವು, ಏಕೆಂದರೆ ಪ್ಲೇನ್ ಟೆಕ್ಸ್ಟ್‌ನಲ್ಲಿ ಫಾಂಟ್ ಹೆಸರು ಬರುವುದೇ ಇಲ್ಲ. ಲೇಖನದ ನಡುವೆ ಟೈಮ್ಸ್ ನ್ಯೂ ರೋಮನ್‌ನಲ್ಲಿ ಬರೆದ ನಿಜವಾದ ಇಂಗ್ಲಿಷ್ ಪದಗಳು ಇದ್ದರಂತೂ ಯಾವುದು ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ನಂಬಿಕೆಯಿಂದ ಹೇಳಲು ಆಗುವುದಿಲ್ಲ. ಇಡೀ ಪಠ್ಯವನ್ನು ಪರಿವರ್ತಕಕ್ಕೆ ಕೊಟ್ಟರೆ ಒಂದು ಕಂಪನಿಯ ಹೆಸರೋ ಔಷಧದ ಹೆಸರೋ ಅರ್ಥವಿಲ್ಲದ ಒತ್ತಕ್ಷರಗಳಾಗಿ ಹೊರಬರುತ್ತದೆ.

ಆದ್ದರಿಂದ ಕೆಲಸದ ಕ್ರಮ ಬದಲಿಸಿ. ಬಂದ ಎಚ್‌ಟಿಎಂಎಲ್ಲನ್ನು ಮೊದಲು ಪಾರ್ಸರ್‌ಗೆ ಕೊಟ್ಟು ಮರವಾಗಿ ಮಾಡಿಕೊಳ್ಳಿ. ಏನನ್ನೂ ಅಳಿಸುವ ಮುನ್ನ ಮರದಲ್ಲಿರುವ ಒಂದೊಂದು ಪಠ್ಯ ತುಣುಕಿಗೂ ಹೋಗಿ, ಅಲ್ಲಿಂದ ಮೇಲೆ ಹತ್ತುತ್ತ ಫಾಂಟ್ ಹೇಳಿರುವ ಅತಿ ಹತ್ತಿರದ ಟ್ಯಾಗ್ ಹುಡುಕಿ. ಸ್ಟೈಲ್‌ನಲ್ಲೂ ನೋಡಿ, ಹಳೆಯ ಫಾಂಟ್ ಟ್ಯಾಗ್‌ನ ಫೇಸ್‌ನಲ್ಲೂ ನೋಡಿ. ಅದು ನುಡಿ ಅಥವಾ ಬರಹದ ಆಸ್ಕಿ ಫಾಂಟ್ ಆಗಿದ್ದರೆ ಆ ತುಣುಕನ್ನು ಮಾತ್ರ ಯೂನಿಕೋಡ್‌ಗೆ ತಿರುಗಿಸಿ. ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಫಾಂಟ್‌ಗಳು ಕೂಡ ಇರುವುದರಿಂದ ಹೆಸರಿನ ಮೊದಲ ಪದ ನೋಡಿ ತೀರ್ಮಾನಿಸಬೇಡಿ. ತುಣುಕಿನಲ್ಲಿ ಈಗಾಗಲೇ ಕನ್ನಡ ಯೂನಿಕೋಡ್ ಅಕ್ಷರ ಇದ್ದರೆ ಮುಟ್ಟಬೇಡಿ. ಇದೆಲ್ಲ ಮುಗಿದ ಮೇಲೆ ಸ್ಟೈಲ್ ಗುಡಿಸಿ.

ಪರಿವರ್ತನೆಗೆ ತೆರೆದ ತಂತ್ರಾಂಶಗಳು ಸಿಗುತ್ತವೆ, ನೀವೇ ಬರೆಯಲು ಕೂರಬೇಡಿ. ಒಂದಕ್ಷರಕ್ಕೆ ಒಂದಕ್ಷರ ಬದಲಿಸಿದರೆ ಮುಗಿಯುವ ಕೆಲಸವಲ್ಲ. ‘ಅರ್ಥ’ ತೆಗೆದುಕೊಳ್ಳಿ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ‘ಥ’ ಆದ ಮೇಲೆ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಅ, ಆಮೇಲೆ ‘ರ’ ಮತ್ತು ಹಲಂತ, ಆಮೇಲೆ ‘ಥ’. ಹಿಂದಿನದನ್ನು ಮುಂದಕ್ಕೆ ತರಬೇಕು. ಒಂದೇ ಪದದ ನಡುವೆ ವರ್ಡ್ ಎರಡು ಸ್ಪ್ಯಾನ್ ಮಾಡಿಟ್ಟು ‘ಥ’ ಒಂದರಲ್ಲಿ, ಅರ್ಕಾವತ್ತು ಇನ್ನೊಂದರಲ್ಲಿ ಬಿದ್ದಿದ್ದರೆ ಬೇರೆ ಬೇರೆ ತಿರುಗಿಸಿದಾಗ ಎರಡೂ ಕೆಡುತ್ತವೆ. ಹಾಗಾಗಿ ಅಕ್ಕಪಕ್ಕದ, ಒಂದೇ ಫಾಂಟಿನ ಸ್ಪ್ಯಾನ್‌ಗಳನ್ನು ಮೊದಲು ಕೂಡಿಸಿ, ಆಮೇಲೆ ತಿರುಗಿಸಿ.

ಇಷ್ಟೆಲ್ಲ ಮಾಡಿದರೂ ಲೇಖಕರು ಕಳುಹಿಸಿದ ಮೂಲ ಎಚ್‌ಟಿಎಂಎಲ್ಲನ್ನು ಬೇರೊಂದು ಕಾಲಮ್‌ನಲ್ಲಿ ಮುಟ್ಟದೆ ಇಟ್ಟುಕೊಳ್ಳಿ. ಈಗ ನಿಮ್ಮ ಡೇಟಾಬೇಸಿನಲ್ಲಿರುವ ಹಳೆಯ ಕಸದಲ್ಲಿ ಇಂಗ್ಲಿಷ್ ಬೆರೆತಿಲ್ಲದ ಲೇಖನಗಳನ್ನು ಪರಿವರ್ತಕಕ್ಕೆ ಕೊಟ್ಟು ಉಳಿಸಿಕೊಳ್ಳಬಹುದು. ಬೆರೆತವುಗಳಿಗೆ ಒಬ್ಬರು ಕೂತು ಓದಬೇಕು, ಬೇರೆ ಉಪಾಯವಿಲ್ಲ.

ಪ್ರಶ್ನೆ: ಸ್ಕ್ರಿಪ್ಟ್ ಟ್ಯಾಗ್ ಮತ್ತು ‘ಜಾವಾಸ್ಕ್ರಿಪ್ಟ್’ ಪದವನ್ನು ರೆಜೆಕ್ಸ್‌ನಿಂದ (ಪಠ್ಯದಲ್ಲಿ ನಮೂನೆ ಹುಡುಕುವ ಸೂತ್ರದಿಂದ) ತೆಗೆದರೆ ಸಾಲದೇ? ಲೈಬ್ರರಿ ಎಲ್ಲ ಯಾಕೆ?
– ಬಿಸಿಎ ಅಂತಿಮ ವರ್ಷ, ಬಳ್ಳಾರಿ

ಉತ್ತರ: 2005ರ ಅಕ್ಟೋಬರ್‌ನಲ್ಲಿ ಆಗಿನ ಸಾಮಾಜಿಕ ಜಾಲತಾಣ ಮೈಸ್ಪೇಸ್ ಕೂಡ ಹಾಗೇ ಅಂದುಕೊಂಡಿತ್ತು. ಬಳಕೆದಾರರು ತಮ್ಮ ಪರಿಚಯ ಪುಟಕ್ಕೆ ಎಚ್‌ಟಿಎಂಎಲ್ ಹಾಕಬಹುದಿತ್ತು, ಸ್ಕ್ರಿಪ್ಟ್ ಟ್ಯಾಗನ್ನೂ ‘ಜಾವಾಸ್ಕ್ರಿಪ್ಟ್’ ಪದವನ್ನೂ ಸರ್ವರ್ ತೆಗೆದುಹಾಕುತ್ತಿತ್ತು. ಸ್ಯಾಮಿ ಕಾಮ್‌ಕರ್ ಎಂಬ ಹುಡುಗ ‘ಜಾವಾ’ಕ್ಕೂ ‘ಸ್ಕ್ರಿಪ್ಟ್’ಗೂ ನಡುವೆ ಒಂದು ಹೊಸಸಾಲಿನ ಅಕ್ಷರ ತುರುಕಿ, ಅದನ್ನು ಒಂದು ಡಿವ್‌ನ ಹಿನ್ನೆಲೆ ಚಿತ್ರದ ವಿಳಾಸದಲ್ಲಿ ಇಟ್ಟ. ಸರ್ವರಿನ ಕಣ್ಣಿಗೆ ಅದು ಎರಡು ತುಂಡು. ಅಂದಿನ ಕೆಲವು ಬ್ರೌಸರ್‌ಗಳ ಕಣ್ಣಿಗೆ ಒಂದೇ ಪದ. ‘ಇನ್ನರ್‌ಎಚ್‌ಟಿಎಂಎಲ್’ ಪದವನ್ನೂ ಮೈಸ್ಪೇಸ್ ತೆಗೆಯುತ್ತಿತ್ತು, ಅದನ್ನು ಅರ್ಧರ್ಧ ಮಾಡಿ ಕೂಡಿಸಿದ. ಆ ಪುಟ ನೋಡಿದವರೆಲ್ಲ ತಮಗೇ ಗೊತ್ತಿಲ್ಲದೆ ಅವನನ್ನು ಗೆಳೆಯನೆಂದು ಸೇರಿಸಿಕೊಂಡರು, ಅವರ ಪುಟಕ್ಕೂ ಅದೇ ಕೋಡ್ ಅಂಟಿತು. ಇಪ್ಪತ್ತು ಗಂಟೆಯೊಳಗೆ ಹತ್ತು ಲಕ್ಷ ದಾಟಿತು.

ಸರ್ವರ್ ಸ್ಟ್ರಿಂಗ್ ನೋಡುತ್ತದೆ, ಬ್ರೌಸರ್ ಮರ ನೋಡುತ್ತದೆ. ಎರಡರ ನಡುವಿನ ಸಂದಿಯಲ್ಲೇ ಕಳ್ಳ ನುಗ್ಗುವುದು. ಸ್ಕ್ರಿಪ್ಟ್ ಟ್ಯಾಗೇ ಬೇಡ, ಇಲ್ಲದ ಚಿತ್ರದ ಟ್ಯಾಗ್‌ಗೆ ಆನ್‌ಎರರ್ ಹಾಕಿದರೂ ಕೋಡ್ ಓಡುತ್ತದೆ. ನಿಮ್ಮ ರೆಜೆಕ್ಸ್ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದೆ. ಮಾಡಬೇಕಾದ್ದು ಅಕ್ಕಿಯನ್ನೇ ಆರಿಸಿ ತೆಗೆದು ಮಿಕ್ಕದ್ದನ್ನು ನೋಡದೆ ಚೆಲ್ಲುವುದು. ಪಿ, ಬಿಆರ್, ಸ್ಟ್ರಾಂಗ್, ಇಎಂ, ಪಟ್ಟಿಯ ಟ್ಯಾಗ್‌ಗಳು, ಎಚ್‌ಟಿಟಿಪಿಯಿಂದ ಶುರುವಾಗುವ ಕೊಂಡಿ. ಸುದ್ದಿ ಬರೆಯಲು ಇನ್ನೇನು ಬೇಕು? ಪಿಎಚ್‌ಪಿಗೆ ಎಚ್‌ಟಿಎಂಎಲ್ ಪ್ಯೂರಿಫೈಯರ್, ಜಾವಾಗೆ ಜೆಸೂಪ್, ನೋಡ್‌ಗೆ ಡಾಮ್‌ಪ್ಯೂರಿಫೈ ಇವೆ. ಪೈಥಾನ್‌ನವರು ಹಳೆಯ ಪಾಠಗಳಲ್ಲಿ ಬ್ಲೀಚ್ ಹೆಸರು ಓದಿರುತ್ತೀರಿ. 2023ರಲ್ಲಿ ಅದರ ಅಭಿವೃದ್ಧಿಗೆ ವಿರಾಮ ಹಾಡಿದರು, ಈಗ ಎನ್‌ಎಚ್3 ಹಿಡಿಯಿರಿ.

ಬ್ರೌಸರಿನಲ್ಲೂ ಶುಚಿ ಮಾಡಿ, ಬೇಡ ಅನ್ನುವುದಿಲ್ಲ. ಅದು ಬರೆಯುವವರ ಅನುಕೂಲಕ್ಕೆ. ಸರ್ವರಿಗೆ ರಿಕ್ವೆಸ್ಟ್ ಕಳುಹಿಸಲು ನಿಮ್ಮ ಪುಟವೇ ಬೇಕೆಂದಿಲ್ಲ, ಬ್ರೌಸರ್ ಇಲ್ಲದೆಯೇ ರಿಕ್ವೆಸ್ಟ್ ಕಳುಹಿಸುವ ಕರ್ಲ್ ಗೊತ್ತಿದ್ದ ಯಾರಾದರೂ ಕಳುಹಿಸಬಹುದು.

ಪ್ರಶ್ನೆ: ಪಿಎಚ್‌ಪಿಯ ಡಾಮ್‌ಡಾಕ್ಯುಮೆಂಟ್‌ಗೆ ಕೊಟ್ಟು ವಾಪಸ್ ತೆಗೆದರೆ ಕನ್ನಡದ ಒಂದೊಂದು ಅಕ್ಷರವೂ ಮೂರು ಮೂರು ಕಸದ ಅಕ್ಷರವಾಗುತ್ತದೆ.
– ಕಲಬುರಗಿಯಿಂದ

ಉತ್ತರ: ಮೂರು ಎಂಬುದರಲ್ಲೇ ಸುಳಿವಿದೆ. ಅದರ ಲೋಡ್‌ಎಚ್‌ಟಿಎಂಎಲ್, ಯಾರೂ ಹೇಳದಿದ್ದರೆ, ಬಂದದ್ದನ್ನು ಐಎಸ್‌ಒ-8859-1 ಎಂದುಕೊಂಡು ಬೈಟಿಗೊಂದು ಅಕ್ಷರ ಓದುತ್ತದೆ. ನಿಮ್ಮ ತುಣುಕಿನ ಮುಂದೆ ಯುಟಿಎಫ್-8 ಎಂದು ಹೇಳುವ ಮೆಟಾ ಟ್ಯಾಗ್ ಸೇರಿಸಿ ಕೊಡಿ. ಎಚ್‌ಟಿಎಂಎಲ್-ಎಂಟಿಟೀಸ್‌ಗೆ ತಿರುಗಿಸುವ ಹಳೆಯ ಉಪಾಯ ಬೇಡ, ಪಿಎಚ್‌ಪಿ 8.2ರಿಂದ ಅದಕ್ಕೆ ಎಚ್ಚರಿಕೆ ಬರುತ್ತದೆ. 2024ರ ನವೆಂಬರ್‌ನಲ್ಲಿ ಬಂದ 8.4 ನಿಮ್ಮ ಹೋಸ್ಟಿಂಗ್‌ನಲ್ಲಿ ಇದ್ದರೆ ಅದರ ಹೊಸ ಎಚ್‌ಟಿಎಂಎಲ್‌ಡಾಕ್ಯುಮೆಂಟ್ ಕ್ಲಾಸ್ ಬಳಸಿ, ಬ್ರೌಸರ್‌ಗಳಂತೆಯೇ ಎಚ್‌ಟಿಎಂಎಲ್5 ನಿಯಮದಲ್ಲಿ ಓದುತ್ತದೆ.

ಪ್ರಶ್ನೆ: ‘ಕಾಣದ ಅಕ್ಷರ’ಗಳನ್ನೆಲ್ಲ ತೆಗೆಯುವ ಫಂಕ್ಷನ್ ಹಾಕಿದ ಮೇಲೆ ‘ಸಾಫ್ಟ್‌ವೇರ್’ ಬರೆದದ್ದು ‘ಸಾಫ್ಟ್ವೇರ್’ ಆಗುತ್ತಿದೆ. ಲೇಖಕರು ಜಗಳಕ್ಕೆ ಬರುತ್ತಿದ್ದಾರೆ.
– ಪುತ್ತೂರಿನಿಂದ

ಉತ್ತರ: ಜಗಳ ನ್ಯಾಯವಾದದ್ದೇ. ‘ಟ್’ ಮತ್ತು ‘ವೇ’ ನಡುವೆ ಒಂದು ಜೋಡಿಸದ ಅಕ್ಷರ ಇರುತ್ತದೆ, ಯೂನಿಕೋಡ್‌ನಲ್ಲಿ 200ಸಿ. ಅದು ಇದ್ದುದರಿಂದಲೇ ‘ವ’ ಒತ್ತಕ್ಷರವಾಗದೆ ನಿಂತಿತ್ತು. ‘ರ‍್ಯಾಂಕ್’ನಲ್ಲಿ ಅದರ ತಮ್ಮ 200ಡಿ ಇದ್ದಾನೆ; ಅವನನ್ನು ತೆಗೆದರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತದೆ. ನಿಮ್ಮ ಫಂಕ್ಷನ್ ಯೂನಿಕೋಡ್‌ನ ‘ಸಿಎಫ್’ ವರ್ಗವನ್ನೇ (ಕಣ್ಣಿಗೆ ಕಾಣದೆ ಜೋಡಣೆ ನಿಯಂತ್ರಿಸುವಂಥ ಅಕ್ಷರಗಳನ್ನು) ಗುಡಿಸುತ್ತಿದೆ, ಇಬ್ಬರೂ ಅದೇ ವರ್ಗದವರು. ಎಡಿಟರ್‌ಗಳು ಕರ್ಸರ್ ನಿಲ್ಲಿಸಲು ಬಿಟ್ಟುಹೋಗುವ 200ಬಿ ಮತ್ತು ಕಡತದ ತಲೆಯಲ್ಲಿ ಬರುವ ಎಫ್‌ಇಎಫ್‌ಎಫ್, ಇವೆರಡನ್ನು ತೆಗೆದರೆ ಸಾಕು. ಹುಡುಕಾಟಕ್ಕೆ ಅಡ್ಡಿಯಾಗುತ್ತದೆ ಎನ್ನುವುದಾದರೆ ಹುಡುಕುವ ಸೂಚಿಗೆ ಬೇರೆ ಪ್ರತಿ ಮಾಡಿ, ಅದರಲ್ಲಿ ಏನು ಬೇಕಾದರೂ ಕಿತ್ತುಹಾಕಿ. ಮುರಿಯದ ಸ್ಪೇಸನ್ನು ಸಾಮಾನ್ಯ ಸ್ಪೇಸ್ ಮಾಡುವುದನ್ನು ಮಾತ್ರ ಎರಡೂ ಕಡೆ ಮಾಡಿ.

ಇದೇ ಜಾತಿಯ ಇನ್ನೊಂದು: ಪುಟದ ವಿಳಾಸ ಮಾಡಲು ಪೈಥಾನ್ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲ್ ‘ಆರ್‌ಇ’ಯಲ್ಲಿ ‘ಪದದ ಅಕ್ಷರವಲ್ಲದ್ದನ್ನು ತೆಗೆ’ ಎಂದರೆ ಅದು ನಮ್ಮ ಗುಣಿತದ ಚಿಹ್ನೆಗಳನ್ನು ಪದದ ಅಕ್ಷರ ಎಂದೇ ಒಪ್ಪುವುದಿಲ್ಲ. ‘ಮೈಸೂರು’ ‘ಮಸರ’ ಆಗುತ್ತದೆ. ‘ರೆಜೆಕ್ಸ್’ ಎಂಬ ಪ್ರತ್ಯೇಕ ಮಾಡ್ಯೂಲ್ ಬಳಸಿದರೆ ಈ ತೊಂದರೆ ಇಲ್ಲ.

ಪ್ರಶ್ನೆ: ದಪ್ಪಕ್ಷರವೂ ಬೇಡ, ಏನೂ ಬೇಡ. ಬರೀ ಪಠ್ಯ ಸಾಕು. ಆಗಲೂ ಇಷ್ಟೆಲ್ಲ ಮಾಡಬೇಕೇ?
– ಕೋಲಾರದಿಂದ

ಉತ್ತರ: ಟೆಕ್ಸ್ಟ್‌ಏರಿಯಾ ಹಾಕಿ. ಡಿವ್ ಬೇಕೇ ಬೇಕು ಎಂದರೆ ಕಂಟೆಂಟ್‌ಎಡಿಟಬಲ್‌ಗೆ ಪ್ಲೇನ್‌ಟೆಕ್ಸ್ಟ್-ಓನ್ಲಿ ಎಂಬ ಬೆಲೆ ಕೊಡಬಹುದು, 2025ರಲ್ಲಿ ಫೈರ್‌ಫಾಕ್ಸ್‌ಗೂ ಬಂದಿದೆ. ಹಾವೇರಿಯವರು ಇದನ್ನು ಓದಿ ಉತ್ಸಾಹಪಡಬಾರದು.

ಪ್ರಶ್ನೆ: ದೊಡ್ಡ ಲೇಖನಗಳ ಕೊನೆಯ ಭಾಗ ಮಾಯ. ನೀವು ಹಿಂದೆ ಹೇಳಿದಂತೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೋಡಿದೆ, ಪೂರ್ತಿ ಹೋಗಿದೆ. ಸರ್ವರ್ ಲಾಗ್‌ನಲ್ಲೂ ಪೂರ್ತಿ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ಮಾತ್ರ ಇಲ್ಲ.
– ಗ್ರಂಥಪಾಲಕಿ, ಮಡಿಕೇರಿ

ಉತ್ತರ: ಹೀಗೆ ಹಂತ ಹಂತವಾಗಿ ನೋಡಿ ಬರೆದರೆ ಉತ್ತರಿಸುವವರಿಗೆ ಎಷ್ಟು ಹಗುರ ನೋಡಿ. ಕಾಲಮ್ ‘ಟೆಕ್ಸ್ಟ್’ ಬಗೆಯದು ಇರಬೇಕು. ಅದರ ಮಿತಿ 65,535 ಬೈಟ್, ಅಕ್ಷರವಲ್ಲ. ಕನ್ನಡಕ್ಕೆ ಭಾಗಿಸಿದರೆ 21,845 ಸಂಕೇತಗಳು, ಅದರಲ್ಲೂ ಗುಣಿತ, ಹಲಂತ ಎಲ್ಲ ಬೇರೆ ಬೇರೆ ಲೆಕ್ಕ. ಟ್ಯಾಗ್‌ಗಳು ತಿನ್ನುವುದು ಮೇಲೆ. ಸ್ಟ್ರಿಕ್ಟ್ ಮೋಡ್ ಇದ್ದಿದ್ದರೆ ಎರರ್ ಕೊಡುತ್ತಿತ್ತು, ನಿಮ್ಮ ಹೋಸ್ಟಿಂಗ್‌ನವರು ಅದನ್ನು ಆಫ್ ಮಾಡಿದ್ದಾರೆ, ಹಾಗಾಗಿ ಸದ್ದಿಲ್ಲದೆ ಕತ್ತರಿಸುತ್ತಿದೆ. ಕಾಲಮನ್ನು ಮೀಡಿಯಂಟೆಕ್ಸ್ಟ್ ಮಾಡಿ, ಸ್ಟ್ರಿಕ್ಟ್ ಮೋಡ್ ಹಾಕಿಸಿ. ಅದೇ ಕೈಯಲ್ಲಿ ಕ್ಯಾರೆಕ್ಟರ್ ಸೆಟ್ಟನ್ನು ಯುಟಿಎಫ್8ಎಂಬಿ4ಕ್ಕೆ ಬದಲಿಸಿ. ಹಳೆಯ ‘ಯುಟಿಎಫ್8’ನಲ್ಲಿ ಮೂರು ಬೈಟಿನವರೆಗೆ ಮಾತ್ರ ಜಾಗ, ಕನ್ನಡ ಹಿಡಿಸುತ್ತದೆ, ಇಮೋಜಿ ಹಿಡಿಸುವುದಿಲ್ಲ. ಕತ್ತರಿಸಿಹೋದ ಲೇಖನಗಳು ಲಾಗ್‌ನಲ್ಲಿ ಇವೆ ಅಂದಿರಲ್ಲ, ಹೊತ್ತಿಗೆ ಸರಿಯಾಗಿ ತಾನೇ ಲಾಗ್ ಅಳಿಸುವ ಕ್ರಾನ್ ಜಾಬ್ ಇದ್ದರೆ ಇವತ್ತೇ ನಿಲ್ಲಿಸಿ ಅವನ್ನು ತೆಗೆದಿಟ್ಟುಕೊಳ್ಳಿ.